ಸೀಳಗಡ್ಡಿಯ ಸಂಜೆ ಕೂಗು

ಮಾದಾಪುರದ ಆ ಗುಂಡಿ ಮೊದಲ ಸಲ ಮಾತಾಡಿದ ಸಂಜೆ ನಾನು ಶೆಡ್ಡಿನ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ. ಊರಿಗೆಲ್ಲ ಹಿರಿಯನಾದ ಬೂದೆಪ್ಪ ಮಾವ ಗುಂಡಿಯ ಅಂಚಿನ ತಗಡಿನ ಬೇಲಿ ಹಿಡಿದು ನಿಂತು, ದಿನದ ಹಾಗೆ ನಮ್ಮೂರಿನ ಸಂಜೆ ಕೂಗು ಶುರು ಮಾಡಿದ್ದ. ಒಂದೊಂದು ಮನೆಯ ಗಂಡಸಿನ ಹೆಸರು ಹಿಡಿದು ಅವನು ಕೂಗುವುದು, ಆ ಮನೆಯವರು 'ಓ' ಅನ್ನುವುದು, ಅಷ್ಟೇ. ಹೈದರಾಬಾದಿಗೆ ಬಂದ ಮೇಲೆ ಅದು ಮುಖ ತೊಳೆದಷ್ಟು ಸಲೀಸಾಗಿ ಹೋಗಿತ್ತು. ಅವತ್ತು ಅವನು ತನ್ನ ತಮ್ಮನ ಹೆಸರು ಕೂಗಿದ. ತಮ್ಮ ಬೀಡಿ ಹಚ್ಚುತ್ತಾ ಒಂದು ಗಳಿಗೆ ತಡ ಮಾಡಿದ. ಅಷ್ಟರಲ್ಲಿ ಗುಂಡಿಯ ತಳದಿಂದ ಯಾರೋ ಅದೇ ಹೆಸರು ಕೂಗಿದರು.

ಪಕ್ಕದ ಶೆಡ್ಡಿನ ಒಡಿಶಾದವರು ನಕ್ಕರು. ಅವರಿಗೇನು, ದನಿ ಬಂಡೆಗೆ ಬಡಿದು ವಾಪಸ್ ಬಂತು, ಮುಗೀತು. ಅವರಲ್ಲೊಬ್ಬ ತಾನೂ ಬಾಯಿಗೆ ಕೈ ಹಿಡಿದು ಊರಲ್ಲಿದ್ದ ಹೆಂಡತಿಯ ಹೆಸರು ಕೂಗಿ ನೋಡಿದ. ನಾವು ಸೀಳಗಡ್ಡಿಯವರು ಮಾತ್ರ ಇದ್ದಲ್ಲೇ ಇದ್ದೆವು. ಆ ಹೆಸರು ಪೂರ್ತಿಯಾಗುವ ಮೊದಲು ತಮ್ಮ ಹೇಗೋ ಓ ಅಂದಿದ್ದ. ಹಂಚಿನ ಮೇಲೆ ನನ್ನ ರೊಟ್ಟಿ ಸೀದು ಹೊಗೆ ಎದ್ದಿತು. ಶೆಡ್ಡಿನೊಳಗಿಂದ ನನ್ನ ಅತ್ತೆ ಹುಲಿಗೆಮ್ಮ ಬಗ್ಗಿಕೊಂಡು ಹೊರಗೆ ಬಂದಳು. ಗುಂಡಿಯ ಕಡೆ ನೋಡಿದಳು.

"ಬಂತು ನೋಡು. ಇಲ್ಲಿಗೂ ಬಂತು" ಅಂದಳು.

ಬಂದಿರಲಿಲ್ಲ, ನಾವೇ ಅಗೆದು ತೆಗೆದಿದ್ದೆವು. ಎರಡು ಗಾಜಿನ ಕಟ್ಟಡಗಳ ನಡುವೆ ಮೂರನೆಯದಕ್ಕೆ ಸೆಲ್ಲಾರ್ ತೋಡುವ ಕೆಲಸ ಅದು. ಮೊದಲು ಮಣ್ಣು, ಆಮೇಲೆ ಬಂಡೆ. ದಿನಾ ಮಧ್ಯಾಹ್ನ ಸೈರನ್ ಹೊಡೆಯುತ್ತಿತ್ತು, ನೆಲ ಒಮ್ಮೆ ನಡುಗುತ್ತಿತ್ತು, ಕಲ್ಲು ತುಂಬಿದ ಲಾರಿಗಳು ಮೇಲೆ ಬರುತ್ತಿದ್ದವು. ಗುಂಡಿ ಇಳಿಯುತ್ತಾ ಇಳಿಯುತ್ತಾ ಎರಡೂ ಬದಿಗೆ ನೆಟ್ಟಗೆ ಗೋಡೆ ಎದ್ದಿತು. ಮೇಲೆ ಅಷ್ಟುದ್ದ ಆಕಾಶ, ಕೆಳಗೆ ಕತ್ತಲು. ದಿನಾ ಅದರೊಳಗೆ ಇಳಿದು ಹತ್ತುವ ನಮಗೇ ಅದು ಕಾಣಿಸಿರಲಿಲ್ಲ. ಕಿವಿಗೆ ಬಿದ್ದ ಮೇಲೆ ಕಾಣಿಸಿತು.

ಸೀಳಗಡ್ಡಿ ಎಲ್ಲಿದೆ ಎಂದು ಕೇಳಬೇಡಿ, ಈಗ ಅದು ಎಲ್ಲೂ ಇಲ್ಲ. ರಾಯಚೂರು ಸೀಮೆಯಲ್ಲಿ ಕೃಷ್ಣಾ ಹೊಳೆ ಒಂದು ಕಡೆ ಬಂಡೆಯನ್ನು ಸೀಳಿಕೊಂಡು ಹೋಗುತ್ತಿತ್ತು. ಆ ಕಡೆ ಕಲ್ಲು, ಈ ಕಡೆ ಕಲ್ಲು, ನಡುವೆ ಕಪ್ಪು ನೀರು, ನೀರಿನ ಮಗ್ಗುಲಲ್ಲಿ ಒಂದು ಚೂರು ಎತ್ತರದ ನೆಲ, ಗಡ್ಡೆ. ಆ ಗಡ್ಡೆಯ ಮೇಲೆ ನಮ್ಮ ಮನೆಗಳು. ಸೂರ್ಯ ಊಟದ ಹೊತ್ತಿಗೆ ಬಂದು, ಆಡು ಮನೆಗೆ ಬರುವ ಮೊದಲೇ ಹೋಗಿಬಿಡುತ್ತಿದ್ದ. ರಸ್ತೆ ಇಲ್ಲ, ಕರೆಂಟು ಇಲ್ಲ. ಹೆಣ್ಣು ತರಬೇಕಾದರೂ ಹೆಣ ಒಯ್ಯಬೇಕಾದರೂ ಹರಿಗೋಲೇ ಗತಿ. ನನ್ನನ್ನೂ ಹರಿಗೋಲಿನಲ್ಲೇ ತಂದರು. ಆ ಹಾಳು ಬುಟ್ಟಿ ನೀರಿನ ಮೇಲೆ ಗಿರಗಿರ ತಿರುಗಿ, ಮದುವೆ ಸೀರೆಯ ಸೆರಗಿಗೇ ವಾಂತಿ ಮಾಡಿಕೊಂಡು ನಾನು ಗಂಡನ ಮನೆ ಹೊಕ್ಕೆ. ಅತ್ತೆ ಬಾಗಿಲಲ್ಲಿ ಆರತಿ ಹಿಡಿದು ನಿಂತವಳು ಮೂಗು ಮುಚ್ಚಿಕೊಂಡಿದ್ದಳು. ನಮ್ಮಿಬ್ಬರ ಸಂಬಂಧ ಅಲ್ಲಿಂದಲೇ ಶುರುವಾಯಿತು ಅನ್ನಿ.

ಅಂಥ ಜಾಗಕ್ಕೆ ಜನ ಯಾಕಾದರೂ ಹೋಗಿ ಸೇರಿದರು ಎಂದು ಬೂದೆಪ್ಪ ಮಾವನನ್ನು ಕೇಳಿದರೆ ದಂಡಿನ ಕಥೆ ಹೇಳುತ್ತಾನೆ. ಯಾವ ರಾಜನ ದಂಡು, ಯಾವ ಕಾಲ ಎಂದೆಲ್ಲ ಕೇಳಬಾರದು, ಕೇಳಿದರೆ ಅವನಿಗೆ ಸಿಟ್ಟು. ದಂಡು ಹೊಳೆ ದಾಟುವಾಗ ಹರಿಗೋಲಿನವರನ್ನು ಬಿಟ್ಟಿ ದುಡಿಸಿಕೊಂಡು, ದಾಟಿದ ಮೇಲೆ ಗುಟ್ಟು ಹೊರಗೆ ಹೋಗಬಾರದೆಂದು ಅವರನ್ನೇ ನೀರಿಗೆ ನೂಕುತ್ತಿದ್ದರಂತೆ. ತಪ್ಪಿಸಿಕೊಂಡ ಕೆಲವರು ಈ ಸೀಳಿನೊಳಗೆ ಬಂದು ಅಡಗಿದರು. ದಂಡಿನವರು ಬಂಡೆಯ ನೆತ್ತಿಯ ಮೇಲೆ ನಿಂತು ಒಬ್ಬೊಬ್ಬರದೇ ಹೆಸರು ಕೂಗಿದರು. ಕೆಳಗಿದ್ದವರು ಉಸಿರು ಬಿಡಲಿಲ್ಲ. ಅವರ ಬದಲು ಸೀಳೇ ಆ ಹೆಸರುಗಳನ್ನೆಲ್ಲ ತಿರುಗಿ ಕೂಗಿತು. ದಂಡಿನವರು ದೆವ್ವ ಎಂದು ಹೆದರಿ ಓಡಿದರು.

ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಅವತ್ತು ಬದುಕಿಕೊಂಡವರು ಆಮೇಲೆ ಒಬ್ಬೊಬ್ಬರೇ ಹೊಳೆಯ ಪಾಲಾದರಂತೆ, ಅದೂ ಹೆಸರು ಕೂಗಿದ ಸಾಲಿನಲ್ಲೇ. ಸೀಳು ಅವರನ್ನು ಉಳಿಸಿಕೊಟ್ಟು ಅವರ ಹೆಸರುಗಳನ್ನು ತಾನು ಇಟ್ಟುಕೊಂಡಿತ್ತು. ಆವಾಗಿನಿಂದ ಸಂಜೆ ಕೂಗು ಬಂತು. ದಿನಾ ಹೊತ್ತು ಮುಳುಗುವಾಗ ಊರಿನ ಹಿರಿಯನೊಬ್ಬ ಹೆಸರು ಕೂಗಬೇಕು, ಬಂಡೆ ಆ ಹೆಸರನ್ನು ತಿರುಗಿ ಹೇಳುವ ಮೊದಲೇ ಆ ಮನೆಯಿಂದ 'ಓ' ಬರಬೇಕು. ಹೊಳೆಗೆ ಹೋದವನು ಮುಳುಗಿ, ಹೆಣ ಸಿಗದೆ ಹೋದರೂ ಅವನ ಹೆಸರು ಬಿಡುವ ಹಾಗಿಲ್ಲ. ಮನೆಯವರೊಬ್ಬರು ಅವನ ಬದಲು ಓಗೊಡಬೇಕು. ಹಾಗೆ ಓಗೊಡುವಷ್ಟು ದಿನ ಅವನು ಎಲ್ಲೋ ಹೊರಗಿದ್ದಾನೆ, ಬರುತ್ತಾನೆ ಎಂದು ಲೆಕ್ಕ. ಅವನ ಹೆಂಡತಿ ಮುತ್ತೈದೆ. ಓಗೊಡುವುದು ನಿಂತ ಸಂಜೆ ಅವನು ಸೀಳಿನವನಾಗುತ್ತಾನೆ.

ನನ್ನ ಗಂಡನ ಹೆಸರು ಅಯ್ಯಾಳಪ್ಪ. ನಮ್ಮ ಮದುವೆಯಾದ ಎರಡನೆಯ ಮಳೆಗಾಲಕ್ಕೆ, ದೊಡ್ಡ ಹೊಳೆ ಬಂದ ವರ್ಷ, ಅವನು ಹೋದ. ಊರಿನ ಮುದುಕರು ಮಕ್ಕಳನ್ನೆಲ್ಲ ಹರಿಗೋಲಿನಲ್ಲಿ ದಾಟಿಸಿ, ಬಂಡೆಯ ಕೊರಕಲಲ್ಲಿ ಸಿಕ್ಕಿಕೊಂಡಿದ್ದ ಆಡುಗಳಿಗೆಂದು ಮತ್ತೊಂದು ಸಲ ಹೋದ. ಆಡುಗಳು ತಾವೇ ಹತ್ತಿ ಬಂದವು, ಅವನು ಬರಲಿಲ್ಲ. ಮಾತು ಕಡಿಮೆ, ನಗು ಜಾಸ್ತಿ ಅವನದು. ಈಗ ನನಗೆ ಅವನ ಮುಖ ಸರಿಯಾಗಿ ನೆನಪಿಲ್ಲ. ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ, ದುಃಖ ಇದೆ.

ಅವತ್ತಿನ ಸಂಜೆ ಬಂಡೆಯ ಮೇಲೆ ಎಲ್ಲರೂ ತೊಯ್ದು ನಿಂತಿರುವಾಗ ಬೂದೆಪ್ಪ ಮಾವ ಅವನ ಹೆಸರು ಕೂಗಿದ. ನಾನು ಬಾಯಿ ತೆರೆದೆ. ನನಗಿಂತ ಮೊದಲು ಅತ್ತೆ "ಓ" ಅಂದಳು. ಅಂದಿನಿಂದ ದಿನಾ ಅವಳೇ. ಒಮ್ಮೆ ಅವಳಿಗೆ ಚಳಿಜ್ವರ ಬಂದು ಹಲ್ಲು ಕಟಕಟ ಅನ್ನುತ್ತಿದ್ದಾಗ, "ಅತ್ತಿ, ಇವತ್ತ ಒಂದಿನ ನಾ ಅಂತೀನಿ ಬಿಡ್ರಿ" ಎಂದೆ. ಮಲಗಿದ್ದವಳು ಎದ್ದು ನನ್ನ ದವಡೆಗೆ ಬಾರಿಸಿದಳು.

"ನಿನ್ನ ಬಾಯಿಂದ ಬ್ಯಾಡ. ನಾ ಹಡದೀನಿ, ನಾ ಅಂತೀನಿ."

ಆಯಿತವ್ವಾ, ಹಡೆದವಳು ನೀನು, ನಿನ್ನ ಮಗನನ್ನು ನೀನೇ ಇಟ್ಟುಕೋ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮುತ್ತೈದೆ ಎಂದು ಬಳೆ ಹಾಕಿಸಿದಳು, ಕುಂಕುಮ ಇಡಿಸಿದಳು, ಗಂಡ ಮಾತ್ರ ಅವಳ ಬಾಯಲ್ಲಿ ಇದ್ದ. ಆ ಸಿಟ್ಟು ನನ್ನಲ್ಲಿ ಬಹಳ ವರ್ಷ ಹಾಗೇ ಇತ್ತು.

ಆಮೇಲೆ ಕೆಳಗೆ ಎಲ್ಲೋ ಕಟ್ಟೆ ಕಟ್ಟಿದರು. ಹಿನ್ನೀರು ಬಂದು ಸೀಳನ್ನು ಕಂಠದ ತನಕ ತುಂಬಿತು. ನಮಗೆ ದೂರದ ಎರೆಹೊಲದಲ್ಲಿ ಮನೆ ಕೊಟ್ಟರು. ಬಟಾಬಯಲು. ಅಲ್ಲಿ ಕೂಗಿದರೆ ದನಿ ಹೋಗಿದ್ದೇ ಹೋಯಿತು, ತಿರುಗಿ ಬರುತ್ತಿರಲಿಲ್ಲ. ಹೊಳೆ ಬಿಟ್ಟು ಬೇರೆ ಕೆಲಸ ಗೊತ್ತಿಲ್ಲದ ಗಂಡಸರು ಒಬ್ಬೊಬ್ಬರಾಗಿ ಮೇಸ್ತ್ರಿಗಳ ಹಿಂದೆ ಹೊರಟರು, ಹೆಂಗಸರು ಪಾತ್ರೆಗಂಟು ಹೊತ್ತು ಅವರ ಹಿಂದೆ. ಹೈದರಾಬಾದಿನ ನಾಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದಾಗ ಆ ಗದ್ದಲ ಕೇಳಿ ಅತ್ತೆ ನನ್ನ ಕೈ ಹಿಡಿದು, "ಇಲ್ಲಿ ಯಾರ ಹೆಸರು ಯಾರಿಗೂ ಕೇಳಂಗಿಲ್ಲ, ಚಲೋ ಆತು" ಅಂದಳು. ಆಗ ಅವಳ ಮುಖ ಎಷ್ಟು ಹಗುರಾಗಿತ್ತು ಎಂದರೆ ನನಗೂ ನಗು ಬಂತು. ಈ ಊರಿನಲ್ಲಿ ಅವಳು ಮಗನ ಬದಲು ಅನ್ನುತ್ತಿದ್ದ ಓ ಕೂಡ ಹಗುರಾಗಿತ್ತು. ಪಾತ್ರೆ ತಿಕ್ಕುತ್ತಾ ಅಂದುಬಿಡುತ್ತಿದ್ದಳು.

ಗುಂಡಿ ಮಾತಾಡಿದ ಮೇಲೆ ಎಲ್ಲ ಬದಲಾಯಿತು. ಹೊತ್ತು ಇಳಿಯುವ ಮುಂಚೆಯೇ ಅವಳು ಕೆಲಸ ಬಿಟ್ಟು, ಕಾಲು ತೊಳೆದು, ಬೇಲಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಬೂದೆಪ್ಪ ಮಾವನ ಬಾಯಿಂದ 'ಅಯ್ಯಾಳಪ್ಪಾ' ಪೂರ್ತಿ ಬರುವುದಕ್ಕೂ ಬಿಡದೆ "ಓ" ಅನ್ನುತ್ತಿದ್ದಳು. ಅಂದು ಮುಗಿಸಿ ತಿರುಗಿದಾಗ ಬೆವರಿರುತ್ತಿದ್ದಳು.

ಇಲ್ಲಿ ಸಾಯಿಕುಮಾರನ ಮಾತು ಹೇಳಬೇಕು. ನಾರಾಯಣಪೇಟ ಕಡೆಯವನು, ಬಂಡೆಗೆ ತೂತು ಕೊರೆಯುವ ಕೆಲಸ. ಅವನು ಕೊರೆದ ತೂತುಗಳಲ್ಲೇ ಮದ್ದು ತುಂಬಿ ಗುಂಡಿ ಇಳಿಸುತ್ತಿದ್ದರು. ಹೆಂಡತಿ ಸತ್ತು ಕೆಲವು ವರ್ಷವಾಗಿತ್ತು. ಕನ್ನಡ ಅರ್ಧ, ತೆಲುಗು ಅರ್ಧ ಅವನ ನಾಲಿಗೆ. ನನ್ನ ಬುಟ್ಟಿಗೆ ಕಲ್ಲು ತುಂಬುವಾಗ ದೊಡ್ಡವನ್ನು ಬದಿಗೆ ಸರಿಸಿ ಸಣ್ಣವನ್ನೇ ತುಂಬುತ್ತಿದ್ದ. ನಾನು ಗದರಿದೆ, "ನಾ ಏನ್ ಮುದುಕಿ ಏನ್ರಿ?" ಅವನು, "ಕಾದು ಕಾದು ಆಗ್ತೀಯಲ್ಲ, ಅದಕ್ಕ" ಅಂದ. ನಾಲ್ಕು ದಿನ ಅವನ ಜೊತೆ ಮಾತು ಬಿಟ್ಟೆ. ಐದನೆಯ ದಿನ ನಾನೇ ಮಾತಾಡಿಸಿದೆ.

ದೀಪಾವಳಿ ಆದ ಮೇಲೆ ಒಂದು ದಿನ ಅವನು ನೇರವಾಗಿ ಕೇಳಿದ. "ಊರಾಗ ಮನಿ ಐತಿ, ಅಮ್ಮ ಅದಾಳ, ಎರಡು ಎಮ್ಮಿ ಅದಾವ. ನಿಮ್ಮತ್ತಿನ್ನೂ ಕರ್ಕೊಂಡು ಬಾ. ನಿನ್ನ ಗಂಡ ತಿರುಗಿ ಬಂದ ದಿನ ನಾನೇ ಬಸ್ ಹತ್ತಿಸಿ ಕಳಸ್ತೀನಿ, ಅಂತೇ ಕದಾ, ಅಷ್ಟೇ ಅಲ್ಲೇನು."

ನಾನು ನಕ್ಕೆ. ಆಮೇಲೆ ಶೆಡ್ಡಿಗೆ ಹೋಗಿ ಅತ್ತುಬಿಟ್ಟೆ. ನನಗೂ ಆಸೆ ಇತ್ತು, ಯಾಕೆ ಸುಳ್ಳು ಹೇಳಲಿ. ಒಬ್ಬ ಮನುಷ್ಯ ಸಂಜೆ ಮನೆಗೆ ಬಂದು ಚಹಾ ಕೇಳಬೇಕು, ನಾನು ಇಲ್ಲ ಅನ್ನಬೇಕು, ಆಮೇಲೆ ಮಾಡಿ ಕೊಡಬೇಕು. ಇಷ್ಟೇ ಆಸೆ. ಆದರೆ ದಿನಾ ಸಂಜೆ ನನ್ನ ಗಂಡ ಅವನ ತಾಯಿಯ ಬಾಯಲ್ಲಿ ಓ ಅನ್ನುತ್ತಿದ್ದ. ನಾನು ಹೊರಟರೆ, ಬದುಕಿರುವ ಗಂಡನನ್ನು ಬಿಟ್ಟು ಹೋದವಳು ಎಂದು ಊರೇ ನನ್ನ ಮುಖಕ್ಕೆ ಉಗುಳುತ್ತಿತ್ತು. ಅತ್ತೆಗೂ ವಿಷಯ ಗೊತ್ತಾಯಿತು, ಶೆಡ್ಡು ಅಂದರೆ ಗೋಡೆ ಇದ್ದೂ ಇಲ್ಲದ ಮನೆ. ಅವಳು ಪಾತ್ರೆ ತಿಕ್ಕುತ್ತಾ ಕೂತಳು. ಅದು ನನಗೆ ಬೈದದ್ದಕ್ಕಿಂತ ಹೆಚ್ಚು ಉರಿಯಿತು.

ಆ ಚಳಿಯಲ್ಲಿ ಅವಳ ದನಿ ಕೆಟ್ಟಿತು. ಮೊದಲು ಒಡಕು, ಆಮೇಲೆ ಬರೀ ಗಾಳಿ. ತಂಬಾಕು ಜಗಿಯಬೇಡ ಎಂದು ನಾನು ಬಡಕೊಂಡಿದ್ದೇ ಬಂತು. ಒಂದು ಸಂಜೆ ಬೂದೆಪ್ಪ ಮಾವ "ಅಯ್ಯಾಳಪ್ಪಾ" ಎಂದು ಕೂಗಿದ. ಅವಳು ಬಾಯಿ ತೆರೆದಳು, ಕೆಮ್ಮು ಒತ್ತಿಕೊಂಡು ಬಂತು. ಕೆಳಗಿನಿಂದ "ಅಯ್ಯಾ..." ಎಂದು ಶುರುವಾಯಿತು. ಅವಳು ಬೇಲಿಯ ತಗಡಿಗೆ ಹಣೆ ಒತ್ತಿ ಹೇಗೋ ಓ ಅಂದಳು. ಅಷ್ಟರಲ್ಲಿ ಅರ್ಧ ಹೆಸರು ಹೋಗಿಬಿಟ್ಟಿತ್ತು.

ಬೆಳಿಗ್ಗೆ ಗುಂಡಿಯ ತಳದಲ್ಲಿ, ಬಂಡೆಯ ಬಿರುಕಿನಿಂದ ನೀರು ಬರುತ್ತಿತ್ತು. ಸೈಟಿನಲ್ಲಿ ಸೇಫ್ಟಿ ನೋಡುವ ಸಪ್ನಾ ಮೇಡಂ ಬಂದು ನೋಡಿ, ಇಷ್ಟು ಆಳಕ್ಕೆ ಹೋದರೆ ಅಂತರ್ಜಲ ಬಂದೇ ಬರುತ್ತದೆ ಎಂದು ಹೇಳಿ ಪಂಪು ಇಡಿಸಿದಳು. ಇರಬಹುದು. ಆದರೆ ಕಲ್ಲಿನ ನೀರಿಗೆ ವಾಸನೆ ಇರುವುದಿಲ್ಲ, ಇದಕ್ಕೆ ಪಾಚಿಯ ವಾಸನೆ, ಮೀನಿನ ವಾಸನೆ ಇತ್ತು. ಅತ್ತೆ ಇಳಿದು ಹೋಗಿ ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡಳು. ಮೇಲೆ ಬಂದು ಒಡಕು ದನಿಯಲ್ಲಿ ನನ್ನ ಕಿವಿಗೆ ಅಂದಳು:

"ನಮ್ಮ ಹೊಳೀನ ಐತಿ."



ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಗಂಟಲಲ್ಲಿ ಗಡ್ಡೆ ಇದೆ, ತೆಗೆಯಲೇಬೇಕು, ತೆಗೆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು. ಅತ್ತೆ ಬೇಡ ಎಂದು ಹಠ ಹಿಡಿದಳು. "ಸತ್ತರೆ ಯಾರ್ ಓಗೊಡ್ತಾರ ನಿನ್ ಮಗಗ?" ಎಂದು ನಾನು ರೇಗಿದೆ. ರೇಗಿದ ಮೇಲೆ ನಾನು ಏನು ಅಂದೆ ಎಂದು ನನಗೇ ಕೇಳಿಸಿತು: ಬದುಕಿದರೂ ಇನ್ನು ಓಗೊಡಲು ಅವಳಿಗೆ ದನಿ ಇರುವುದಿಲ್ಲ. ಅವಳು ನನ್ನನ್ನು ನೋಡಿ, ಆಗಲಿ ಎಂದು ತಲೆ ಆಡಿಸಿದಳು. ಆಪರೇಷನ್ ಆಯಿತು.

ಮನೆಗೆ ಬೀಗ ಬಿದ್ದಿದ್ದರೆ ಆ ಮನೆಯ ಹೆಸರು ಕೂಗುವ ಹಾಗಿಲ್ಲ, ಅದು ಕಟ್ಟಳೆ. ನಾನೂ ಅವಳ ಜೊತೆ ಆಸ್ಪತ್ರೆಯಲ್ಲೇ ಇದ್ದದ್ದರಿಂದ ಅಷ್ಟೂ ದಿನ ಬೂದೆಪ್ಪ ಮಾವ ಅಯ್ಯಾಳಪ್ಪನ ಹೆಸರು ಬಿಟ್ಟು ಮುಂದೆ ಹೋಗಿದ್ದ. ನಾವು ತಿರುಗಿ ಬಂದ ದಿನ ಸಾಯಿಕುಮಾರ ಶೆಡ್ಡಿನ ಹಿಂದೆ ನನಗಾಗಿ ಕಾದಿದ್ದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

"ನಾ ಇದನ್ನೆಲ್ಲ ನಂಬಾಂವ ಅಲ್ಲ, ನಿನಗ ಗೊತ್ತೈತಿ. ನಿನ್ನೆ ಸಂಜಿಕ ನಾ ಕೆಳಗ ಪಂಪು ಬಂದ್ ಮಾಡಾಕ ಹೋಗಿದ್ದೆ. ಮ್ಯಾಲೆ ಹಿರಿಯಾರು ಎಲ್ಲರ ಹೆಸರು ಕೂಗಿ ಮುಗಿಸಿದರು. ನಿನ್ನ ಗಂಡಂದು ಕೂಗಲಿಲ್ಲ."

"ಕೂಗಂಗಿಲ್ಲ. ಬಾಗಲಾ ಹಾಕಿತ್ತಲ್ಲ."

"ಅವರು ಕೂಗಲಿಲ್ಲ" ಅಂದ ಅವನು. "ಕೆಳಗಿಂದ ಬಂತು. ಬಿರುಕಿನ ಕಡಿಯಿಂದ. ಪೂರಾ ಹೆಸರು. ನಾ ಅಲ್ಲೇ ಇದ್ದೆ, ಗುರುದೇವಿ."

ನಾನು ನೇರವಾಗಿ ಬೂದೆಪ್ಪ ಮಾವನ ಹತ್ತಿರ ಹೋದೆ. ಅವನು ಬಾಗಿಲಲ್ಲಿ ಕೂತು ಬಲೆ ಹೆಣೆಯುತ್ತಿದ್ದ. ಹೊಳೆ ಇಲ್ಲ, ಮೀನಿಲ್ಲ, ಆದರೂ ಹೆಣೆಯುತ್ತಾನೆ, ಹೆಣೆದು ಬಿಚ್ಚುತ್ತಾನೆ.

"ಮಾವ, ನಮ್ಮ ಮನಿ ಹೆಸರು ಕೈಬಿಡ್ರಿ. ಕೂಗಬ್ಯಾಡ್ರಿ."

"ದೀಪ ಹಚ್ಚಿದ ಮನಿ ಹೆಸರು ಕೂಗದಿದ್ರ ಹೆಂಗವಾ? ಆ ಮನ್ಯಾಗಿನವರೆಲ್ಲಾ ಹ್ವಾದಂಗ ಅಲ್ಲೇನು?"

"ಅತ್ತಿ ದನಿ ಹೋಗೈತಿ."

"ನಿನಗ ಐತೆಲ್ಲ." ಅವನು ಬಲೆ ಪಕ್ಕಕ್ಕಿಟ್ಟ. "ಆದರ ಒಂದ್ ಮಾತ್ ತಿಳ್ಕೋ. ತಾಯಿ ಅನ್ನೂ ಓ ಅವತ್ತಿಂದವತ್ತಿಗೆ. ಇವತ್ತ ಅಂದ್ಲು, ನಾಳೆ ಬಿಟ್ಟರೂ ಆಕಿಗೇನೂ ಆಗಂಗಿಲ್ಲ. ಹೆಂಡ್ತಿ ಒಮ್ಮೆ ಓ ಅಂದ್ರ ಅದು ಸಾಯೂತನಕ. ನಡುವ ಬಿಡಾಕ ಬರಂಗಿಲ್ಲ. ಬಿಟ್ಟರ ಗಂಡನ ಕೂಡ ಆಕಿ ಹೆಸರೂ ಸೀಳಿಗೆ. ನೀ ಅಂದ್ರ ಅವ ಉಳೀತಾನ, ನೀ ಅವನ ಹೆಂಡ್ತಿಯಾಗೇ ಸಾಯ್ತಿ. ಅನ್ನದಿದ್ರ ಅವ ಹೋದ, ನೀ ಬಿಡುಗಡಿ ಆದಿ."

ಇಷ್ಟು ವರ್ಷ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ, ಅದಕ್ಕೆ. ನಾನು ಎದ್ದು ಬಂದೆ.

ಶೆಡ್ಡಿನಲ್ಲಿ ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ಕೊರಳಲ್ಲಿ ತೂತು, ಅದರ ಮೇಲೆ ಬಿಳಿ ಬಟ್ಟೆ, ಉಸಿರಾಡಿದಾಗ ಆ ಬಟ್ಟೆ ಏಳುತ್ತಿತ್ತು, ಬೀಳುತ್ತಿತ್ತು. ನನ್ನನ್ನು ಹತ್ತಿರ ಕರೆದಳು. ತನ್ನ ಗಂಟಲು ಮುಟ್ಟಿ ತೋರಿಸಿದಳು. ಆಮೇಲೆ ಗುಂಡಿಯ ಕಡೆ ಕೈ ಮಾಡಿದಳು. ಆಮೇಲೆ ತನ್ನ ಬೆರಳುಗಳನ್ನು ನನ್ನ ತುಟಿಯ ಮೇಲೆ ಇಟ್ಟಳು.



"ತಿಳೀತು ಬಿಡು" ಎಂದೆ. "ನಿನ್ನ ಬಾಯಿ ಹೋತು, ಇನ್ನ ನನ್ನ ಬಾಯಿ ಬೇಕು. ಅವತ್ತ ದವಡಿಗೆ ಹೊಡದಿ. ಇವತ್ತ ಬೇಕಾತು ನಾನು. ಅತ್ತಿ, ನನಗೂ ಒಂದು ಜೀವ ಐತಿ, ಅದರ ನೆನಪು ಎಂದರ ಆಗೈತೇನು ನಿನಗ?"

ಅವಳು ಮತ್ತೆ ಕೈ ಎತ್ತಿದಳು. ನಾನು ನೋಡಲಿಲ್ಲ, ಹೊರಗೆ ಬಂದೆ. ಹಿಂದಿನಿಂದ ಅವಳು ಚಪ್ಪಾಳೆ ತಟ್ಟಿ ಕರೆದಳು. ಮತ್ತೂ ತಟ್ಟಿದಳು. ದನಿ ಇಲ್ಲದವಳು ಪಾಪ ಬೇರೆ ಹೇಗೆ ಕರೆದಾಳು, ಆದರೆ ಆ ಹೊತ್ತಿಗೆ ನನಗೆ ಕರುಣೆ ಇರಲಿಲ್ಲ.

ಸಾಯಿಕುಮಾರ ಇನ್ನೂ ಅಲ್ಲೇ ನಿಂತಿದ್ದ. ನಾನು ಎಲ್ಲ ಹೇಳಿದೆ. ಅವನು ಕೈಯ ಮೇಲಿನ ಕಲ್ಲುಪುಡಿ ಒರೆಸುತ್ತಾ ಕೇಳಿಸಿಕೊಂಡ.

"ನೀ ಓ ಅಂದ್ರ ನಾ ಏನೂ ಅನ್ನೂದಿಲ್ಲ. ಬ್ಯಾರೆ ಸೈಟಿಗೆ ಹೋಗ್ತೀನಿ, ಇಲ್ಲಿದ್ದು ನಿನಗ ತ್ರಾಸ ಕೊಡೂದಿಲ್ಲ" ಅಂದ. "ಅನ್ನದಿದ್ರ ನಾಳೆ ಮುಂಜಾನೆ ಊರಿಗೆ ಹೋಗೂಣು."

"ಅನ್ನಂಗಿಲ್ಲ" ಎಂದೆ ನಾನು. ಗಟ್ಟಿಯಾಗಿ ಹೇಳಿದೆ, ನನಗೇ ಕೇಳಿಸಲಿ ಎಂದು.

ಹೊತ್ತು ಇಳಿಯಿತು. ಆಚೆ ಸೇತುವೆಯ ಮೇಲೆ ಮೆಟ್ರೋ ಹಾದುಹೋಯಿತು, ಗಾಜಿನ ಕಟ್ಟಡದ ಕೆಂಪು ಬಿಸಿಲು ಮೇಲಿನ ಅಂತಸ್ತುಗಳಿಗೆ ಏರಿ ಆರಿತು. ಗುಂಡಿಯೊಳಗೆ ಆಗಲೇ ಕತ್ತಲು. ಪಂಪು ನಿಲ್ಲಿಸಿದ್ದರು. ನೀರು ಹನಿಯುವ ಸದ್ದು ಮೇಲಿನ ತನಕ ಬರುತ್ತಿತ್ತು. ಸೀಳಗಡ್ಡಿಯ ಮನೆಗಳವರೆಲ್ಲ ಶೆಡ್ಡುಗಳ ಮುಂದೆ ನಿಂತಿದ್ದರು, ಎಲ್ಲರ ಕಣ್ಣೂ ನನ್ನ ಮೇಲೆ. ಅತ್ತೆ ಗೋಡೆ ಹಿಡಿದು, ಬೇಲಿ ಹಿಡಿದು ತಾನೇ ಬಂದಳು. ನನ್ನ ಪಕ್ಕದಲ್ಲಿ ನಿಂತಳು. ನಾನು ಅವಳನ್ನು ನೋಡಬಾರದು ಎಂದು ಮುಂದೆ ನೋಡಿದೆ.

ಬೂದೆಪ್ಪ ಮಾವ ಒಂದೊಂದೇ ಹೆಸರು ಕೂಗಿದ. ಓ, ಓ, ಓ ಎಂದು ಬಂದವು. ಯಾರೂ ತಡ ಮಾಡಲಿಲ್ಲ. ನಮ್ಮ ಮನೆಗೆ ಬಂದಾಗ ಅವನು ಒಂದು ಸಲ ಉಸಿರು ಎಳೆದುಕೊಂಡ.

"ಅಯ್ಯಾಳಪ್ಪಾ..."

ನಾನು ಹಲ್ಲು ಕಚ್ಚಿದೆ. ನೋಡಬಾರದು ಅಂದುಕೊಂಡವಳು ನೋಡಿಬಿಟ್ಟೆ. ಅತ್ತೆ ಗುಂಡಿಯ ಕಡೆ ಮುಖ ಮಾಡಿ ಬಾಯಿ ತೆರೆದು ನಿಂತಿದ್ದಳು. ಅಷ್ಟು ವರ್ಷದ ರೂಢಿ, ಬಾಯಿ ತಾನೇ ತೆರೆದಿತ್ತು. ದನಿ ಇಲ್ಲ. ಕೊರಳಿನ ಬಟ್ಟೆ ಮಾತ್ರ ಒಮ್ಮೆ ಉಬ್ಬಿತು. ಅವಳ ಆ ಬಾಯಿ ನೋಡಿ ನನ್ನ ಹಠ ಎಲ್ಲಿ ಹೋಯಿತೋ. ಸಾಯಿಕುಮಾರ, ನಾರಾಯಣಪೇಟ, ಚಹಾ, ಯಾವುದೂ ಇರಲಿಲ್ಲ. ಹೋಗಲಿ, ನನ್ನ ಜೀವ ಹೋದರೆ ಹೋಗಲಿ, ಈ ಮುದುಕಿಯ ಮಗ ಉಳಿಯಲಿ ಅನ್ನಿಸಿತು. ನಾನು ಓ ಅನ್ನಲು ಬಾಯಿ ತೆರೆದೆ.

ಅತ್ತೆಯ ಅಂಗೈ ಬಂದು ನನ್ನ ಬಾಯಿಯ ಮೇಲೆ ಬಿತ್ತು.

ಕಲ್ಲು ಹೊತ್ತು ಹೊತ್ತು ಒರಟಾದ ಕೈ. ಆಸ್ಪತ್ರೆಯ ಔಷಧಿಯ ವಾಸನೆ, ಅದರಡಿಗೆ ಹಳೆಯ ತಂಬಾಕಿನ ವಾಸನೆ. ನಾನು ಕೊಸರಾಡಿದೆ. ಅವಳು ಇನ್ನೊಂದು ಕೈಯಿಂದ ನನ್ನ ತಲೆಯ ಹಿಂಭಾಗ ಹಿಡಿದು ಒತ್ತಿದಳು. ಕಾಯಿಲೆ ಬಿದ್ದವಳಲ್ಲಿ ಅಷ್ಟು ಬಲ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಅವಳ ಕಣ್ಣು ನನ್ನ ಕಣ್ಣಿನಲ್ಲೇ ಇತ್ತು. ಶೆಡ್ಡಿನಲ್ಲಿ ಬೆರಳು ತುಟಿಯ ಮೇಲಿಟ್ಟು ಅವಳು ಹೇಳಿದ್ದು ಓ ಅನ್ನಬೇಡ ಎಂದೇ ಅಂತ ಆಗ ತಿಳಿಯಿತು. ಜ್ವರದಲ್ಲಿ ಎದ್ದು ದವಡೆಗೆ ಹೊಡೆದದ್ದು ಯಾಕೆ ಎಂದೂ ತಿಳಿಯಿತು.

ಕೆಳಗಿನಿಂದ ಹೆಸರು ಎದ್ದಿತು. ಅವಸರ ಇರಲಿಲ್ಲ ಅದಕ್ಕೆ. ಒಂದು ಗೋಡೆಗೆ ತಾಗಿತು, ಇನ್ನೊಂದಕ್ಕೆ ತಾಗಿತು, ಪೂರ್ತಿ ಮೇಲೆ ಬಂತು. ಬೂದೆಪ್ಪ ಮಾವನ ದನಿ ಒಡೆದ ಮಡಕೆ. ಬಂದದ್ದು ಅದಲ್ಲ. ಬಂದದ್ದು ಎಳೆಯ ದನಿ, ಸ್ವಲ್ಪ ನಗು ಸೇರಿದ್ದು, ಬಾಗಿಲ ಹೊರಗೆ ನಿಂತು ತನ್ನ ಹೆಸರು ತಾನೇ ಹೇಳಿ ಒಳಗೆ ಕರೆಸಿಕೊಳ್ಳುವವನ ಹಾಗೆ. ಮುಖ ಮರೆತವಳು ನಾನು, ದನಿ ಮರೆತಿರಲಿಲ್ಲ. ಅತ್ತೆಯ ಕಣ್ಣಿನಿಂದ ನೀರು ಇಳಿದು ಕೊರಳಿನ ಬಟ್ಟೆ ತೊಯ್ಯಿತು. ಕೈ ಮಾತ್ರ ಸಡಿಲವಾಗಲಿಲ್ಲ.

ಹೆಸರು ನಿಂತಿತು. ನೀರು ಹನಿಯುವ ಸದ್ದೂ ನಿಂತಿತು.

ಬೂದೆಪ್ಪ ಮಾವ ತಲೆಯ ರುಮಾಲು ತೆಗೆದ. ಉಳಿದ ಗಂಡಸರೂ ತೆಗೆದರು. ಇನ್ನು ನಮ್ಮ ಮನೆಗೆ ಹೆಸರಿರಲಿಲ್ಲ. ಅವನು ಮುಂದಿನ ಮನೆಗೆ ಹೋಗಲೂ ಆಗದೆ, ಹೋಗದೆ ಇರಲೂ ಆಗದೆ ನಮ್ಮ ಕಡೆ ನೋಡುತ್ತಾ ನಿಂತ. ಅತ್ತೆ ನನ್ನ ತಲೆಯ ಹಿಂದಿನಿಂದ ಕೈ ತೆಗೆದು, ಆ ಕೈಯಿಂದ ನನ್ನನ್ನು ತೋರಿಸಿದಳು. ಅವನಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ನಮ್ಮೂರಲ್ಲಿ ಹೆಂಗಸಿನ ಹೆಸರನ್ನು ಸಂಜೆ ಕೂಗಿನಲ್ಲಿ ಯಾರೂ ಕೂಗಿದ್ದಿಲ್ಲ, ಅವನ ಅಪ್ಪನೂ ಕೂಗಿದ್ದಿಲ್ಲ, ಅವನ ಅಜ್ಜನೂ ಕೂಗಿದ್ದಿಲ್ಲ.

"ಗುರುದೇವೀ..."

ನನ್ನ ಹೆಸರು ಗುಂಡಿಯ ಮೇಲೆ ಹಾದು ಕತ್ತಲಿಗೆ ಇಳಿಯಿತು. ಅತ್ತೆ ನನ್ನ ಬಾಯಿಯ ಮೇಲಿನ ಕೈ ತೆಗೆದಳು.

ಬಂಡೆ ಹಿಡಿಯುವ ಮೊದಲು ನಾನು ಓ ಅಂದೆ.